ಪಾಪಾತಿಯ ಕಣ್ಣು

ಅಕ್ಟೋಬರ್ 9, 1986. ಗುರುವಾರ. ನೆಗಮಂ

ಎದುರುಮನೆಯ ಕನ್ನಿಯಮ್ಮಾಳ್ ಸುಮ್ಮನಿರಲಾರದೆ ಬೆಳಿಗ್ಗೆ ನಮ್ಮ ಜಗುಲಿಗೆ ಬಂದು, ಬೆಕ್ಕಿನ ಮುಖ ನೋಡಿ, "ಇದೇನಿದು, ಕಣ್ಣೊಳಗೆ ಬಿಳೀ ತೊಗಲು ಬಂದದೆ?" ಎಂದಳು. ಬೆಕ್ಕು ಆಗ ಮುದುಕಿಯ, ಅಂದರೆ ನನ್ನ ಅತ್ತೆಯ, ತೊಡೆಯ ಮೇಲೆಯೇ ಇತ್ತು. ದಿನವೆಲ್ಲ ಅಲ್ಲೇ ಇರುತ್ತದೆ. ಮುದುಕಿ ಅದರ ಮುಖವನ್ನು ಮೂಗಿನ ಹತ್ತಿರಕ್ಕೆ ತಂದು, ಬೆರಳಿನಿಂದ ರೆಪ್ಪೆ ಸವರಿ, ನನ್ನ ಕಡೆ ತಿರುಗಿದಳು.

"ಏ ಕೊಳ್ಳೇಗಾಲ, ಪೊರಕೇಲಿ ಹೊಡದ್ಯಾ ಇದನ್ನ?"

ಹೊಡೆದಿಲ್ಲ ಎಂದೆ. "ಬಾಯಿಲ್ಲದ ಜೀವ, ಪಾವಂ. ಅದು ಬಂದು ಸಾಕ್ಷಿ ಹೇಳ್ತದಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಕನ್ನಿಯಮ್ಮಾಳ್ ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಮಗ್ಗದ ಗುಂಡಿಯಲ್ಲಿ ಕೂತಿದ್ದ ಇವರು "ಬಿಡವ್ವಾ" ಎಂದು ಒಂದು ಮಾತು ಹೇಳಿ ಮತ್ತೆ ಲಾಳಿ ಎಸೆಯತೊಡಗಿದರು. ಇವರ ಬಾಯಿಗಿಂತ ಲಾಳಿಯೇ ಹೆಚ್ಚು ಮಾತಾಡುತ್ತದೆ.

ನಾನು ಮದುವೆಯಾಗಿ ಕೊಳ್ಳೇಗಾಲದಿಂದ ಈ ತಮಿಳುನಾಡಿನ ಊರಿಗೆ ಬಂದು ಎರಡೂವರೆ ವರ್ಷ. ಚೌಡಾಂಬ ಎಂದು ಅಪ್ಪ ಇಟ್ಟ ಹೆಸರಿದೆ. ಮುದುಕಿ ಒಮ್ಮೆಯೂ ಹಾಗೆ ಕರೆದಿಲ್ಲ. ಬೆಕ್ಕಿಗೆ ಮಾತ್ರ ಮನುಷ್ಯರ ಹೆಸರು, ಪಾಪಾತಿ. ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಒಬ್ಬರಿಗೂ ಬರುವುದಿಲ್ಲ. ಅದೊಂದು ಅನುಕೂಲ. ಈ ಪುಸ್ತಕವನ್ನು ದೇವರ ಗೂಡಿನಲ್ಲಿ ತೆರೆದೇ ಇಟ್ಟರೂ ನನ್ನ ಹೊಟ್ಟೆಯುರಿ ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಟೋಬರ್ 12, ಭಾನುವಾರ

ಮೂರು ವಾರದಿಂದ ಮಳೆ. ಶುರುವಾದ ವಾರವೇ ಹಿಂದಿನ ಕೋಣೆಯ ಹೆಂಚು ಸರಿದು ನೀರು ನೇರವಾಗಿ ಮಗ್ಗದ ಗಂಜಿಯ ತಪ್ಪಲೆಗೆ ಬೀಳುತ್ತಿತ್ತು. ಆಗಲೇ ಎತ್ತಿ ತಂದು ಹಜಾರದ ಮೂಲೆಯಲ್ಲಿ ಅನ್ನದ ಗಂಜಿಯ ಪಕ್ಕ ಇಟ್ಟೆ. ಎರಡೂ ಒಂದೇ ಅಳತೆಯ ಅಲ್ಯೂಮಿನಿಯಂ ತಪ್ಪಲೆ, ಮುದುಕಿಯ ತವರಿನ ಜೋಡಿ. ಆಗ ಹಿಡಿದ ಸೊಂಟ ಇನ್ನೂ ಬಿಟ್ಟಿಲ್ಲ.

ಮಳೆಗಾಲದಲ್ಲಿ ಹಾಸು ನೂಲಿಗೆ, ಅಂದರೆ ಮಗ್ಗದ ಉದ್ದೆಳೆಗಳಿಗೆ, ಹಚ್ಚುವ ಗಂಜಿ ಬೇಗ ಬೂಸು ಹಿಡಿಯುತ್ತದೆ. ಹೋದ ವರ್ಷ ಎರಡು ಹಾಸಿನ ನೂಲು ಬೂಸು ಹತ್ತಿ ಕಪ್ಪಾಗಿ, ಮಗ್ಗಕ್ಕೆ ನೂಲು ಕೊಡುವ ಗುತ್ತಿಗೆದಾರರ ಹತ್ತಿರ ಇವರು ತಲೆ ತಗ್ಗಿಸಿ ನಿಂತಿದ್ದರು. ಅದಕ್ಕೇ ಈ ಸಲ ಗಂಜಿಗೆ ಮೈಲುತುತ್ತ ಕರಗಿಸಿ ಹಾಕುತ್ತಿದ್ದಾರೆ. ನವಿಲುಕತ್ತಿನ ಬಣ್ಣದ ಹರಳು. ಗಂಜಿ ತೆಳುನೀಲಿಯಾಗುತ್ತದೆ, ನೂಲಿಗೆ ಹಚ್ಚಿ ಒಣಗಿದರೆ ಬಣ್ಣ ಕಾಣುವುದಿಲ್ಲ.

ದೀಪಾವಳಿಗೆ ಮೂರು ವಾರ ಇಲ್ಲ. ಮಳೆ ಬಿಟ್ಟ ಗಳಿಗೆಯಲ್ಲಿ ಬೀದಿಯುದ್ದಕ್ಕೂ ಹಾಸು ಎಳೆದು ಕಟ್ಟುವುದು, ಗಂಜಿ ಹಚ್ಚಿ ಕುಂಚದಲ್ಲಿ ಬಾಚುವುದು, ಹನಿ ಬಿದ್ದರೆ ಸುತ್ತಿಕೊಂಡು ಒಳಗೆ ಓಡುವುದು. ನಡುವೆ ಅಡುಗೆ, ಲಾಳಿಯ ಕಂಡಿಕೆಗೆ ನೂಲು ಸುತ್ತುವುದು, ಮುದುಕಿಯ ಬೈಗುಳ.

ಅಣ್ಣನಿಗೆ ಇನ್‌ಲ್ಯಾಂಡಿನಲ್ಲಿ ಕಾಗದ ಬರೆದೆ. ಹಬ್ಬಕ್ಕೆ ಬಂದು ನನ್ನನ್ನು ಕರೆದುಕೊಂಡು ಹೋಗು, ಹೋದರೆ ನಾನು ತಿರುಗಿ ಬರುವವಳಲ್ಲ, ಅತ್ತಿಗೆಗೆ ಮೊದಲೇ ಹೇಳಿಡು ಎಂದು. ಮಳೆ ನಿಂತ ಮೇಲೆ ಪೋಸ್ಟಿಗೆ ಹಾಕಬೇಕು. ಟ್ರಂಕಿನಲ್ಲಿ ಸೀರೆಗಳ ಮೇಲೆಯೇ ಇದೆ.

ಅಕ್ಟೋಬರ್ 15, ಬುಧವಾರ

ಇವತ್ತಿನದನ್ನು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಹಳೆಯ ಹಾಸು ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಈ ಬೀದಿಯಲ್ಲಿ ಆ ಕೆಲಸಕ್ಕೆ ರಾಮಾತಾಳ್ ಎಂದರೆ ಒಂದು ಹೆಸರು. ಬೂದಿ ಮುಟ್ಟಿಕೊಂಡು ಎರಡು ಬೆರಳು ತಿರುಗಿಸಿದರೆ ಮುಗಿಯಿತು, ಗಂಟು ಎಲ್ಲಿದೆ ಎಂದು ಹುಡುಕಿದರೂ ಸಿಗುವುದಿಲ್ಲ. ನನ್ನ ಅತ್ತೆ ಎಂಬ ಕೋಪವಿದ್ದರೂ ಇದನ್ನು ಸುಳ್ಳೆನ್ನಲಾರೆ.

ನಿನ್ನೆ ಅವಳು ಸೇರಿಸಿದ ಹಾಸಿನ ಅಂಚಿನಲ್ಲಿ ಒಂದು ಬೆರಳಗಲ ಅರಕಿನ ಕಡುಗೆಂಪು ಬಣ್ಣದ ಎಳೆಗಳಿಗೆ ಕಪ್ಪು ಎಳೆ ಕೂತಿದೆ. ಇವರು ನಾಲ್ಕು ಮೊಳ ನೆಯ್ದ ಮೇಲೆ ಕಂಡಿತು. ಬಿಚ್ಚಿ ಮತ್ತೆ ಸೇರಿಸುವ ಹೊತ್ತಿಗೆ ಅರ್ಧ ದಿನ ಹೋಯಿತು. ಮುದುಕಿ ಒಪ್ಪಿಕೊಂಡಳೇ? "ಈ ಕೊಳ್ಳೇಗಾಲ ನೂಲಿನ ಕಟ್ಟು ಅದಲುಬದಲು ಮಾತ್ತಿ ಕೊಟ್ಟಳು" ಎಂದಳು. ಎರಡೂ ಕಟ್ಟು ಅವಳ ಮುಂದೆಯೇ ಇದ್ದವು, ನಾನು ಮುಟ್ಟಿಯೂ ಇಲ್ಲ. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ. ಇವರು ನನ್ನನ್ನು ನೋಡಿದರು, ಅವ್ವನನ್ನು ನೋಡಿದರು, ಗುಂಡಿಗೆ ಇಳಿದರು.

ಅಕ್ಟೋಬರ್ 19, ಭಾನುವಾರ

ಬೆಕ್ಕಿನ ಕಣ್ಣಿಗೆ ಬೀದಿಯೆಲ್ಲ ವೈದ್ಯರು. ಮೊದಲು ನಂದಿಬಟ್ಟಲ ಹೂವಿನ ರಸ. ಆಮೇಲೆ ಬಾಣಂತಿ ಮಗಳ ಎದೆಹಾಲು ಎರಡು ಹನಿ, ಕನ್ನಿಯಮ್ಮಾಳ್ ತಾನೇ ಚಿಪ್ಪಿನಲ್ಲಿ ಹಿಡಿದು ತಂದಳು. ಆಮೇಲೆ ಹರಳೆಣ್ಣೆ. ಇವತ್ತು ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ಸುಟ್ಟರು. ಎಲ್ಲರಿಗೂ ಕೆಮ್ಮು ಬಂತು. ಕಣ್ಣು ಹಾಗೇ ಇದೆ.

ಮೂಗಿನ ಕಡೆಯ ಮೂಲೆಯಿಂದ ಒಂದು ತೊಗಲು ಏರಿ ಬಂದು ಅರ್ಧ ಕಣ್ಣು ಮುಚ್ಚಿದೆ. ಎರಡೂ ಕಣ್ಣಿಗೆ. ಬಾಗಿಲು ಪೂರ್ತಿ ತೆಗೆಯಲು ಮನಸ್ಸಿಲ್ಲದವರ ಮನೆಯ ಹಾಗೆ.

ಅಕ್ಟೋಬರ್ 22, ಬುಧವಾರ

ಬೆಕ್ಕು ಹಾಲು ಮುಟ್ಟಲಿಲ್ಲ. ನಿನ್ನೆ ವಾಂತಿ ಮಾಡಿತ್ತು. ನಾನೇ ಸಾರಿಸಿದೆ. ಇವತ್ತು ಮಗ್ಗದ ಗುಂಡಿಗೆ ಇಳಿದು ಇವರ ಕಾಲ ಬುಡದಲ್ಲಿ ಮುದುರಿಕೊಂಡಿದೆ. ಇವರು ಅದನ್ನು ತುಳಿಯಬಾರದೆಂದು ಒಂದು ಕಾಲಿನಲ್ಲೇ ಮಗ್ಗ ತುಳಿಯುತ್ತಿದ್ದಾರೆ. ಮಾತಿಲ್ಲದ ಮನುಷ್ಯ.

ಮುದುಕಿಯೂ ಊಟ ಬಿಟ್ಟಳು. "ಇದು ಹೋದ್ರೆ ನಾನೂ ಹೋಯ್ತೀನಿ. ಆಮೇಲೆ ನೀ ಆರಾಮಾಗಿ ಇರು" ಎಂದಳು ನನಗೆ. ನನಗೆ ಅಳು ಬಂತು. ಬೆಕ್ಕಿಗಲ್ಲ, ಮುದುಕಿಗಲ್ಲ, ಇಷ್ಟು ದುಡಿದೂ ಬೆಕ್ಕು ಕೊಂದವಳು ಎನಿಸಿಕೊಂಡು ತವರಿಗೆ ಹೋಗಬೇಕಲ್ಲ ಎಂದು. ಅಣ್ಣ ಕರೆಯಲು ಬಂದಾಗ ಈ ಬೀದಿ ಅವನಿಗೆ ಏನು ಹೇಳಿ ಕಳಿಸುತ್ತದೆ?

ನಾಳೆ ಪೊಳ್ಳಾಚಿಗೆ ತೆಗೆದುಕೊಂಡು ಹೋಗುತ್ತೇನೆ. ಅಲ್ಲಿ ಸರ್ಕಾರಿ ದನದ ಆಸ್ಪತ್ರೆ ಇದೆಯಂತೆ. ಡಾಕ್ಟರೇ ಹೇಳಲಿ, ಪೊರಕೆ ಏಟೋ ಅಲ್ಲವೋ ಎಂದು.

ಅಕ್ಟೋಬರ್ 23, ಗುರುವಾರ

ಕಾಲು ಸೋತುಹೋಗಿವೆ. ಆದರೂ ಬರೆಯುತ್ತೇನೆ.

ನೂಲಿನ ಬುಟ್ಟಿಯಲ್ಲಿ ಬೆಕ್ಕನ್ನಿಟ್ಟು ಮೇಲೆ ಹಳೆ ಪಂಚೆ ಕಟ್ಟಿ ಬಸ್ ಹತ್ತಿದೆ. ಕಂಡಕ್ಟರ್ "ಕೋಳಿಯಾ?" ಎಂದ. ಬೆಕ್ಕು ಎಂದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಇವತ್ತು ಸಂತೆ ಬೇರೆ. ಆಸ್ಪತ್ರೆಯ ಅಂಗಳದ ತುಂಬ ಎತ್ತು, ಎಮ್ಮೆ, ಕೊಂಬಿಗೆ ಬಣ್ಣ ಬಳಿದ ಹೋರಿ. ಅವುಗಳ ನಡುವೆ ಬುಟ್ಟಿ ಹಿಡಿದು ನಿಂತ ನನ್ನನ್ನು ಕಂಡು ಒಬ್ಬ ರೈತ, "ಎಷ್ಟು ಲೀಟರ್ ಕರೆಯುತ್ತದಮ್ಮ?" ಎಂದು ತಮಿಳಿನಲ್ಲಿ ಕೇಳಿದ. ಎಲ್ಲರೂ ನಕ್ಕರು. ನನಗೂ ನಗು ಬಂತು, ಎಷ್ಟೋ ದಿನದ ಮೇಲೆ.

ಡಾಕ್ಟರ್ ಗೋಪಾಲಸಾಮಿ ಇನ್ನೂ ಎಳೆಯರು. ಬೆಕ್ಕಿನ ಹತ್ತಿರ ನಾನು ಗೊಣಗಿದ್ದು ಕೇಳಿ, "ನೀವು ಕನ್ನಡದವ್ರಾ? ನಮ್ಮನೇಲೂ ಇದೇ ಮಾತು" ಎಂದರು. ಉಡುಮಲೈ ಕಡೆಯ ಬೇಸಾಯದ ಮನೆಯವರಂತೆ. ನಾನು ಮೊದಲು ಕೇಳಿದ್ದೇ ಅದನ್ನು, "ಡಾಕ್ಟ್ರೇ, ಇದು ಏಟು ಬಿದ್ದು ಆಗಿದ್ದಾ?"

ಅವರು ಟಾರ್ಚ್ ಬಿಟ್ಟು ನೋಡಿದರು. "ಬೆಕ್ಕಿಗೆ ಕಣ್ಣೊಳಗೆ ಇನ್ನೊಂದು ರೆಪ್ಪೆ ಇರ್ತದೆ. ಚೆನ್ನಾಗಿರೋವಾಗ ಮೂಲೇಲಿ ಅಡಗಿರ್ತದೆ, ಕಾಣಲ್ಲ. ಒಂದೇ ಕಣ್ಣಲ್ಲಿ ಎದ್ರೆ ಮುಳ್ಳೋ ಏಟೋ ಅನ್ನಬೋದು. ಎರಡರಲ್ಲೂ ಒಂದೇ ಸಮ ಎದ್ದದೆ ಅಂದ್ರೆ ಕಣ್ಣಿಂದಲ್ಲ ಅಮ್ಮಾ, ಮೈಯೊಳಗಿನ ಸೀಕು. ಇಲ್ಲಿ ನೋಡಿ." ಮೇಲಿನ ರೆಪ್ಪೆ ಎತ್ತಿದರು. ಬಿಳಿ ಇರಬೇಕಾದ ಜಾಗ ಅರಿಸಿನ. ಕಿವಿಯೊಳಗೆ ಅರಿಸಿನ. ವಸಡೂ ಹಾಗೆಯೇ.

"ಕಾಮಾಲೆ. ಏನೋ ವಿಷ ಕೊಂಚ ಕೊಂಚ ಒಳಗೆ ಹೋಯ್ತಾ ಇದೆ. ಮನೇಲಿ ಏನ್ ತಿಂತದೆ?"

ಹಾಲು ಗಂಜಿ ಎಂದೆ. ಇಲಿಪಾಷಾಣ ಇಟ್ಟಿಲ್ಲ ಎಂದೆ. "ಮನೇಲಿ ಕೆಲಸ ಏನು?" ನೆಯ್ಗೆ ಎಂದೆ. ಬಣ್ಣ ಹಾಕುತ್ತೀರಾ ಎಂದರು, ಇಲ್ಲ ಎಂದೆ. "ಹೋಗಿ ಸರಿಯಾಗಿ ನೋಡಿ. ಅದು ನಿಲ್ಲದೆ ನಾನ್ ಏನ್ ಮರುಂದು ಕೊಟ್ರೂ ಉಳಿಯಲ್ಲ" ಎಂದು ಕೊರಳ ಹಿಂದಿನ ಚರ್ಮ ಎತ್ತಿ ನೀರಿನ ಸೂಜಿ ಹಾಕಿದರು. ನುಣ್ಣಗೆ ಅರೆದ ಒಂದಷ್ಟು ಪುಡಿ ಕೊಟ್ಟು, ದಿನಕ್ಕೆ ಎರಡು ಸಲ ಚಿಟಿಕೆಯಷ್ಟು ಸಕ್ಕರೆ ನೀರಲ್ಲಿ ಕುಡಿಸಿ ಎಂದರು.

ಬಸ್ಸಿನಲ್ಲಿ ಪೂರ್ತಿ ದಾರಿ ನನಗೆ ಒಂದೇ ಯೋಚನೆ. ಎರಡು ಕಣ್ಣು ಒಂದೇ ಸಮ. ಪೊರಕೆಯ ಏಟು ಹಾಗೆ ಬೀಳುವುದಿಲ್ಲ. ಮುದುಕಿಗೆ ಬೀದಿಯಲ್ಲೇ ನಿಂತು ಹೇಳಬೇಕು, ಕನ್ನಿಯಮ್ಮಾಳ್ ಎದುರಿಗೇ.

ಮನೆಗೆ ಬಂದು ಬೆಕ್ಕಿನ ಮಣ್ಣಿನ ಕುಡಿಕೆ ತೊಳೆಯಲು ತೆಗೆದೆ. ಅದನ್ನು ಮುದುಕಿ ನನಗೆ ಮುಟ್ಟಗೊಡುವುದಿಲ್ಲ, ಊಟ ಹಾಕುವುದು ತೊಳೆಯುವುದು ಎಲ್ಲ ಅವಳೇ. ಇವತ್ತು ಅವಳು ಗುಡಿಗೆ ಹೋಗಿದ್ದಳು. ಕುಡಿಕೆಯ ತಳದಲ್ಲಿ ಒಣಗಿದ ಪದರ. ಉಗುರಿನಿಂದ ಕೆರೆದೆ. ನೀಲಿ.

ಅಕ್ಟೋಬರ್ 24, ಶುಕ್ರವಾರ

ಬೆಳಕು ಹರಿಯುವ ಹೊತ್ತಿಗೇ ಎದ್ದು ಹಜಾರದ ಬಾಗಿಲ ಹಿಂದೆ ನಿಂತೆ. ಮುದುಕಿ ಎದ್ದಳು. ಗೋಡೆ ಹಿಡಿದುಕೊಂಡು ಮೂಲೆಗೆ ಹೋದಳು. ಮೊದಲು ಕೈಗೆ ಸಿಕ್ಕ ತಪ್ಪಲೆಯ ಮುಚ್ಚಳ ತೆಗೆದು, ಸೌಟಿನಲ್ಲಿ ಎತ್ತಿ, ಕುಡಿಕೆಗೆ ಬಗ್ಗಿಸಿ, ಮೇಲೆ ಹಾಲು ಹುಯ್ದಳು. ಸೌಟಿನಿಂದ ಇಳಿದದ್ದು ನೀಲಿ. ನಾನು ನಿಂತ ಜಾಗಕ್ಕೇ ಕಂಡಿತು. ಅವಳ ಮುಖದ ಕೆಳಗೇ ಇದ್ದದ್ದು ಅವಳಿಗೆ ಕಾಣಲಿಲ್ಲ.

"ಬಾ ಪಾಪಾತಿ, ಬಾ ಕಣ್ಣೇ" ಎಂದು ಕರೆದಳು. ಬೆಕ್ಕು ಬರಲಿಲ್ಲ, ಪುಣ್ಯ.

ಕೂಗಬಹುದಿತ್ತು. ಬಾಯಿಯವರೆಗೂ ಬಂದಿತ್ತು. ಪೊರಕೆ ಎಂದೆಯಲ್ಲ, ನೋಡು, ನಿನ್ನ ಕೈಯಿಂದಲೇ ನೀನು ವಿಷ ಹಾಕಿದ್ದು ಎಂದು. ಬೀದಿಯಲ್ಲಿ ಆಗಲೇ ಎರಡು ಮನೆಯವರು ಹಾಸು ಎಳೆಯುತ್ತಿದ್ದರು, ಕೇಳುವ ಜನವೂ ಇತ್ತು. ಅಷ್ಟರಲ್ಲಿ ಆ ತಪ್ಪಲೆಯನ್ನು ಹಿಂದಿನ ಕೋಣೆಯಿಂದ ಅಲ್ಲಿಗೆ ತಂದಿಟ್ಟವಳು ನಾನು ಎಂಬುದು ನೆನಪಾಯಿತು.

ಅವಳು ಕೊಡ ತರಲು ಹಿತ್ತಿಲಿಗೆ ಹೋದಾಗ ಕುಡಿಕೆಯನ್ನು ಚರಂಡಿಗೆ ಸುರಿದು ಮಣ್ಣು ಹಾಕಿ ತಿಕ್ಕಿದೆ. ಮಗ್ಗದ ಗಂಜಿಯನ್ನು ಅಟ್ಟಕ್ಕೆ ಏರಿಸಿದೆ. ಅನ್ನದ ಗಂಜಿಯನ್ನು ಅದೇ ಜಾಗದಲ್ಲಿ, ಅದೇ ಮೂಲೆಯಲ್ಲಿ, ಅವಳ ಕೈಗೆ ಮೊದಲು ಸಿಗುವ ಹಾಗೆ ಇಟ್ಟೆ. ಇವರಿಗೆ, ಗಂಜಿ ಬೇಕಾದರೆ ಅಟ್ಟದಿಂದ ಇಳಿಸಿಕೊಳ್ಳಿ ಎಂದೆ. ಯಾಕೆ ಎಂದು ಕೇಳಲಿಲ್ಲ.

ಅಕ್ಟೋಬರ್ 25, ಶನಿವಾರ

ಡಾಕ್ಟರ್ ಏನೆಂದರು ಎಂದು ಅತ್ತೆ ಕೇಳಿದರು. ವಿಷ ತಿಂದ ಇಲಿ ತಿಂದಿದೆಯಂತೆ ಎಂದೆ.

"ಹೊರಗೆ ಬಿಟ್ಟವರು ಯಾರು? ರಾತ್ರಿ ಬಾಗಿಲು ಹಾಕೋಳು ನೀನೇ ಅಲ್ವಾ?"

ಹೌದು, ಮರೆತಿದ್ದೆ ಎಂದೆ. ಅರ್ಧ ಗಂಟೆ ಬೈದರು. ಎದುರು ಮಾತಾಡಲು ತ್ರಾಣವಿರಲಿಲ್ಲ, ಅಷ್ಟೇ. ಅಕ್ಕಿ ಆರಿಸುವುದಿತ್ತು. ಎರಡು ತಿಂಗಳಿಂದ ಅನ್ನದಲ್ಲಿ ಕಲ್ಲು ಬರುತ್ತಿದೆ ಎಂದು ಇವರು ಗೊಣಗುತ್ತಾರೆ. ಅಕ್ಕಿ ಆರಿಸುವುದು ಅತ್ತೆಯ ಕೆಲಸ. ಇನ್ನು ಮೇಲೆ ಅವರು ಆರಿಸಿಟ್ಟದ್ದನ್ನು ನಾನು ಮತ್ತೊಮ್ಮೆ ನೋಡಿ ಹಾಕಬೇಕು, ಅವರಿಗೆ ತಿಳಿಯದ ಹಾಗೆ.

ಅಕ್ಟೋಬರ್ 28, ಮಂಗಳವಾರ

ಪುಡಿ, ಸಕ್ಕರೆ ನೀರು, ಹಾಸು, ಅಡುಗೆ, ಕಂಡಿಕೆ. ಬೆಕ್ಕು ಕೈ ಪರಚಿ ಹಾಕಿದೆ. ಪುಡಿಯ ಪೊಟ್ಟಣ ತೇವ ಹಿಡಿದು ಹರಿಯಿತು, ಬೇರೆ ಒಳ್ಳೆಯ ಕಾಗದ ಸಿಗಲಿಲ್ಲ. ಟ್ರಂಕಿನಲ್ಲಿದ್ದ ಇನ್‌ಲ್ಯಾಂಡ್ ಹರಿದು ಅದರಲ್ಲಿ ಕಟ್ಟಿಟ್ಟೆ.

ನವೆಂಬರ್ 1, ಶನಿವಾರ. ದೀಪಾವಳಿ

ಕೊನೆಯ ಸೀರೆ ನಿನ್ನೆ ಸಂಜೆ ಮಗ್ಗದಿಂದ ಇಳಿಯಿತು. ಇವರು ಎಣ್ಣೆನೀರು ಹಾಕಿಕೊಂಡು ಮಲಗಿದವರು ಮಧ್ಯಾಹ್ನದವರೆಗೂ ಏಳಲಿಲ್ಲ.

ಪಟಾಕಿ ಸದ್ದಿಗೆ ಪಾಪಾತಿ ಅತ್ತೆಯ ಸೆರಗಿನೊಳಗೆ ಸೇರಿತ್ತು. ನಿನ್ನೆಯಿಂದ ಹಾಲು ನೆಕ್ಕುತ್ತಿದೆ. ಒಳಗಿನ ರೆಪ್ಪೆ ಇಳಿಯುತ್ತಿದೆ, ಕಾಲುಭಾಗ ಉಳಿದಿರಬಹುದು. ಅದನ್ನು ನೋಡಲೆಂದು ನಾನು ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಜಗುಲಿಯ ಮೇಲೆ ಬಿಸಿಲಿತ್ತು. ಬೆಕ್ಕಿನ ಕಣ್ಣು ನೋಡಿ ತಲೆಯೆತ್ತಿದಾಗ ಎದುರಿಗೆ ಅತ್ತೆಯ ಕಣ್ಣು. ಇಷ್ಟು ದಿನ ನಾನು ಅವರ ಮುಖವನ್ನು ನೇರವಾಗಿ ನೋಡಿದ್ದೇ ಇಲ್ಲವಲ್ಲ. ಬೈಯುವಾಗ ನೆಲ ನೋಡುತ್ತೇನೆ, ಬೈಯದಿರುವಾಗ ಎದುರಿಗೇ ಹೋಗುವುದಿಲ್ಲ. ಬಲಗಣ್ಣಿನ ಕಪ್ಪಿನೊಳಗೆ ಒಂದು ಹನಿ ಮೊಸರು. ಎಡಗಣ್ಣಿನಲ್ಲೂ ಅದೇ, ಕೊಂಚ ಕಡಿಮೆ.

"ಏನ್ ನೋಡ್ತೀ ಹಂಗೆ?" ಎಂದರು. ನಾನು ನೋಡುತ್ತಿದ್ದೇನೆ ಎಂದು ಉಸಿರಿನಿಂದಲೇ ತಿಳಿದಿರಬೇಕು.

ಬೆಕ್ಕನ್ನು ಎಂದೆ.

ಅರಕಿಗೆ ಕಪ್ಪು ಸೇರಿಸಿದ್ದು, ಅನ್ನದ ಕಲ್ಲು, ಕನ್ನಿಯಮ್ಮಾಳ್ ಹೇಳುವವರೆಗೂ ತೊಡೆಯ ಮೇಲಿನ ಬೆಕ್ಕಿನ ಕಣ್ಣು ಕಾಣದಿದ್ದದ್ದು. ಬೆರಳಿನ ಅಭ್ಯಾಸದಲ್ಲಿ ಎಲ್ಲ ನಡೆಸಿಕೊಂಡು ಬಂದಿದ್ದಾರೆ. ಬೆರಳಿಗೆ ಎಳೆ ಗೊತ್ತಾಗುತ್ತದೆ, ಬಣ್ಣ ಗೊತ್ತಾಗುವುದಿಲ್ಲ.

ಸಂಜೆ ಇವರಿಗೆ ಹೇಳಿದೆ. "ಅವ್ವನ ಕಣ್ಗೆ ಏನಾಗದೆ? ನನಗಿಂತ ಚೆನ್ನಾಗದೆ" ಎಂದರು. ಮಗ್ಗದ ಧೂಳು ಕೊಡವುತ್ತಾ, "ಎಳೆ ಸೇರ್ಸೋಕೆ ಆಗ್ದೇ ಇದ್ರೆ ಅವ್ವ ಬದುಕಲ್ಲ. ನೀ ಹೇಳಬೇಡ" ಎಂದರು. ಹಾಗಾದರೆ ಇವರಿಗೂ ಗೊತ್ತಿತ್ತು. ಮೊನ್ನೆ ಕಪ್ಪು ಎಳೆಗಾಗಿ ನಾನು ಬೈಗುಳ ತಿನ್ನುವಾಗಲೂ ಗೊತ್ತಿತ್ತು. ನನಗೆ ಬಂದ ಸಿಟ್ಟಿಗೆ ಹಬ್ಬದ ಅಡುಗೆ ಹಾಗೇ ಬಿಟ್ಟು ಮಲಗಿಬಿಡೋಣ ಎನ್ನಿಸಿತು. ಮಲಗಲಿಲ್ಲ. ಕಜ್ಜಾಯದ ಪಾಕ ಗಟ್ಟಿಯಾಗುತ್ತಿತ್ತು.

ನವೆಂಬರ್ 6, ಗುರುವಾರ

ಬೆಕ್ಕನ್ನು ಮತ್ತೆ ತೋರಿಸಬೇಕು, ಒಬ್ಬಳೇ ಹಿಡಿಯಲಾಗುವುದಿಲ್ಲ, ನೀವೂ ಬನ್ನಿ ಎಂದು ಅತ್ತೆಯನ್ನು ಕರೆದುಕೊಂಡು ಹೋದೆ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುವಾಗ ನನ್ನ ಭುಜ ಹಿಡಿದರು, ಹಿಡಿದದ್ದಕ್ಕೂ ನನ್ನನ್ನೇ ಬೈದರು, ಅಡ್ಡ ನಿಂತೆ ಎಂದು.

ಡಾಕ್ಟರ್ ಬೆಕ್ಕಿನ ಎರಡು ರೆಪ್ಪೆ ಎತ್ತಿ ನೋಡಿದರು. "ಅರಿಸಿನ ಇಳಿದದೆ. ಬದುಕ್ತು." ವಿಷ ಎಲ್ಲಿಂದ ಬಂತು ಎಂದು ಗೊತ್ತಾಯಿತೇ ಎಂದರು. ಗೊತ್ತಾಯಿತು, ನಿಲ್ಲಿಸಿದೆ ಎಂದೆ. ಅವರು ನನ್ನನ್ನೂ ಅತ್ತೆಯನ್ನೂ ಒಮ್ಮೆ ನೋಡಿ ಹೆಚ್ಚು ಕೇಳಲಿಲ್ಲ. ಜಾಣರು. ಟಾರ್ಚ್ ಆರಿಸದೆ ಹಾಗೇ ಅತ್ತೆಯ ಮುಖಕ್ಕೆ ಹಿಡಿದರು.

"ಆತ್ತಾ, ಬೆಕ್ಕಿನ ಕಣ್ಣು ಸರಿಹೋಯ್ತು. ನಿಮ್ಮದು ಯಾವಾಗ?"

ಅತ್ತೆ ಕೆಂಡವಾದರು. "ದನದ ಡಾಕ್ಟ್ರು ನನ್ನ ಕಣ್ಣ ನೋಡೋದಾ? ನಾ ಏನ್ ಎಮ್ಮೆಯಾ?"

"ಎಮ್ಮೆ ಆಗಿದ್ರೆ ಇಷ್ಟೊತ್ತಿಗೆ ನಾನೇ ಮರುಂದು ಹಾಕ್ತಿದ್ದೆ. ಕಣ್ಣಲ್ಲಿ ಪೊರೆ ಕಟ್ಟದೆ. ಈ ಹದಿನಾರಕ್ಕೆ ಪಕ್ಕದ ಸ್ಕೂಲಲ್ಲಿ ಕಣ್ಣಿನ ಕ್ಯಾಂಪ್ ಇದೆ. ಪೊರೆ ತೆಗೆದ್ರೆ ಮತ್ತೆ ನೂಲು ಕಾಣ್ತದೆ."

ಅತ್ತೆ ಬೆಕ್ಕನ್ನು ಬುಟ್ಟಿಗೆ ಹಾಕಿ ಪಂಚೆ ಕಟ್ಟಿದರು. ಬಸ್ ಹತ್ತಿದ ಮೇಲೆ ಬುಟ್ಟಿಯ ಪಂಚೆಯೊಳಗೆ ಕೈ ಹಾಕಿ ಬೆಕ್ಕಿನ ತಲೆ ಸವರುತ್ತಾ, "ಬಣ್ಣ ಕಾಣ್ತದಾ ಅಂತ ಕೇಳ್ಬೇಕಿತ್ತು" ಎಂದರು. ನನಗೆ ಹೇಳಿದರೋ ಬೆಕ್ಕಿಗೋ ತಿಳಿಯಲಿಲ್ಲ. ಕಾಣುತ್ತದೆ ಎಂದೆ. ನನಗೇನು ಗೊತ್ತು? ಆದರೂ ಹೇಳಿದೆ.

ನವೆಂಬರ್ 18, ಮಂಗಳವಾರ. ಪೊಳ್ಳಾಚಿ

ಶಾಲೆಯ ಮೂರನೇ ತರಗತಿಯ ಕೋಣೆ. ಬೆಂಚು ಹೊರಗೆ ಹಾಕಿ ನೆಲದ ಮೇಲೆ ಸಾಲಾಗಿ ಚಾಪೆ. ನಿನ್ನೆ ಬಲಗಣ್ಣಿನ ಆಪರೇಷನ್ ಆಯಿತು. ಎರಡು ಕಣ್ಣಿಗೂ ಕಟ್ಟು. ತಲೆ ಅಲ್ಲಾಡಿಸಬಾರದು, ಕೆಮ್ಮಬಾರದು, ತಿಣುಕಬಾರದು. ಹಾಗಾಗಿ ಎಲ್ಲವೂ ನನ್ನ ಕೈಯಿಂದಲೇ. ಗಂಜಿ ಚಮಚದಲ್ಲಿ ಹಾಕಿದೆ. ಮೊದಲ ಚಮಚಕ್ಕೆ ಬಾಯಿ ತೆರೆಯಲಿಲ್ಲ. ಅವರಿಗೆ ಯಾರೂ ಉಣ್ಣಿಸಿದವರಿಲ್ಲವೇನೋ.

ನನಗೆ ಸೊಂಟ ಮತ್ತೆ ಹಿಡಿದಿದೆ. ಪೆನ್ನಿನ ಸದ್ದು ಕೇಳಿಸಿಕೊಂಡು ಅತ್ತೆ, "ಏನ್ ಗೀಚ್ತೀ ದಿನಾ?" ಎಂದರು. ಬೆಕ್ಕಿನ ವಿಷಯ ಎಂದೆ. "ಅದಕ್ಕೆ ದಂಡಪಾಣಿ ಹಾಲು ಹಾಕ್ತಾನೋ ಇಲ್ಲವೋ" ಎಂದರು. ಇವರು ಹಾಕುತ್ತಾರೆ ಎಂದೆ. "ಅವನು ಬಾಯಿ ಬಿಟ್ಟು ಕರೆಯಲ್ಲ. ಕರೀದೆ ಅದು ಬರಲ್ಲ" ಎಂದು ಕೊರಗಿದರು.

ನವೆಂಬರ್ 23, ಭಾನುವಾರ

ಮನೆ. ಬೆಕ್ಕು ಬಾಗಿಲಲ್ಲೇ ಇತ್ತು. ಬಿಸಿಲಿಗೆ ಕಣ್ಣಿನ ಕಪ್ಪು ಎಳೆಯಷ್ಟು ಸಣ್ಣಗಾಗಿತ್ತು, ಅರಿಸಿನ ಹೋಗಿ ಬಿಳಿ ಭಾಗ ಬಿಳಿಯಾಗಿಯೇ ಇತ್ತು. ಅತ್ತೆಯ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿತ್ತು. ನಾನೇ ಹೇಳಿದೆ, ಹೇಗಿದೆ ಎಂದು. ಎರಡು ಸಲ ಕೇಳಿಸಿಕೊಂಡರು.

ಡಿಸೆಂಬರ್ 14, ಭಾನುವಾರ

ನಿನ್ನೆ ಅಣ್ಣನ ಕಾಗದ ಬಂತು. ಪೊಂಗಲಿಗೆ ಬರುತ್ತೀಯಾ, ಹೇಗಿದ್ದೀಯಾ ಎಂದು ಕೇಳಿದ್ದಾನೆ. ಇಲ್ಲಿ ಎಲ್ಲ ಚೆನ್ನಾಗಿದೆ, ಅತ್ತೆಗೆ ಕನ್ನಡಕ ಬರಬೇಕು, ಈಗ ಬಿಟ್ಟು ಬರಲಾಗುವುದಿಲ್ಲ ಎಂದು ಬರೆದೆ. ಅದೇ ದಿನ ಪೋಸ್ಟಿಗೆ ಹಾಕಿದೆ.

ಜನವರಿ 4, 1987. ಭಾನುವಾರ

ಕನ್ನಡಕ ಬಂತು. ಸೋಡಾ ಬಾಟಲಿಯ ತಳದಂಥ ಗಾಜು. ಹಾಕಿಕೊಂಡರೆ ಅತ್ತೆಯ ಕಣ್ಣು ಮುಖಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೆಳಿಗ್ಗೆಯಿಂದ ಮನೆಯನ್ನೆಲ್ಲ ತನಿಖೆ ಮಾಡಿದರು. ಮಾಡಿನ ಜೇಡರ ಬಲೆ, ದೇವರ ಪಟದ ಮಸಿ, ಇವರ ಕಿವಿಯ ಮೇಲಿನ ನರೆಗೂದಲು. ನನ್ನ ಮುಖ ಹಿಡಿದು ಬೆಳಕಿಗೆ ತಿರುಗಿಸಿ, "ನೀ ಹಿಂಗಿದ್ದೀಯಾ? ನಾ ಇನ್ನೂ ಕೊಂಚ ದಪ್ಪ ಅಂದ್ಕೊಂಡಿದ್ದೆ" ಎಂದರು. ಇಲ್ಲಿಗೆ ಬಂದಾಗ ದಪ್ಪವೇ ಇದ್ದೆ ಎಂದೆ.

ಆಮೇಲೆ ಬೆಕ್ಕಿಗೆ ಹಾಲು ಹಾಕುವ ಹೊತ್ತಾಯಿತು. ನಾನು ಹಿತ್ತಿಲಲ್ಲಿದ್ದೆ. ಮಂಜಿನ ಕಾಲಕ್ಕೂ ಬೂಸು ಬರುತ್ತದೆಂದು ಸಂಕ್ರಾಂತಿಯ ತೈ ತಿಂಗಳವರೆಗೆ ಇವರು ಮೈಲುತುತ್ತ ಬಿಡುವುದಿಲ್ಲ. ಹಾಸು ನೂಲಿಗೆ ಹಚ್ಚಲೆಂದು ಅಟ್ಟದಿಂದ ಇಳಿಸಿದ ತಪ್ಪಲೆಯನ್ನು ಇವತ್ತು ಹಜಾರದಲ್ಲೇ ಬಿಟ್ಟಿದ್ದರು. ನಾನು ಒಳಗೆ ಬಂದಾಗ ಅತ್ತೆ ಎರಡು ಮುಚ್ಚಳವನ್ನೂ ತೆಗೆದು ನಿಂತಿದ್ದರು. ಒಂದರಲ್ಲಿ ಬಿಳಿ, ಒಂದರಲ್ಲಿ ನೀಲಿ. ಸೌಟು ಕೈಯಲ್ಲಿತ್ತು.

"ಇದೇನು ಬಣ್ಣ?"

ಮೈಲುತುತ್ತ ಎಂದೆ.

"ಯಾವಾಗಿಂದ ಹಾಕ್ತಾನೆ?"

ಮಳೆ ಶುರುವಾದಾಗಿನಿಂದ.

ತುಂಬ ಹೊತ್ತು ತಪ್ಪಲೆಯನ್ನೇ ನೋಡಿದರು. ಅವರಿಗೆ ಲೆಕ್ಕ ಹಾಕಿ ಕೊಡಬೇಕಾಗಿರಲಿಲ್ಲ. ಮಗ್ಗದ ಮನೆಯಲ್ಲೇ ಹುಟ್ಟಿದವರು, ಮೈಲುತುತ್ತ ಎಂದರೇನು ಎಂದು ನನಗಿಂತ ಚೆನ್ನಾಗಿ ಗೊತ್ತು. ಸೌಟು ತಪ್ಪಲೆಯ ಕಂಠಕ್ಕೆ ಬಡಿಯಿತು.

"ಇಲಿ ಅಂದೆ ನೀನು."

ನಾನು ನೀಲಿಯ ತಪ್ಪಲೆಗೆ ಮುಚ್ಚಳ ಹಾಕಿದೆ.

"ನಾ ಪೊರಕೆ ಅಂದೆ. ಬೀದೀಲಿ ನಿಂತ್ಕೊಂಡು ಅಂದೆ. ದಿನಾ ಹಾಕ್ದವಳು ನಾನು."

"ತಪ್ಪಲೆ ಅಲ್ಲಿ ತಂದಿಟ್ಟವಳು ನಾನು, ಅತ್ತೆ" ಎಂದೆ. ಇಷ್ಟು ದಿನ ಈ ಪುಸ್ತಕಕ್ಕಲ್ಲದೆ ಯಾರಿಗೂ ಹೇಳಿರಲಿಲ್ಲ.

ಕನ್ನಡಕದೊಳಗಿಂದ ಆ ದೊಡ್ಡ ಕಣ್ಣು ನನ್ನನ್ನು ನೋಡಿದವು. ನಾನು ನೆಲ ನೋಡಲಿಲ್ಲ. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಪಾಪಾತಿ ಇಬ್ಬರ ಕಾಲಿನ ನಡುವೆ ಸುತ್ತುತ್ತಾ ಕೂಗುತ್ತಿತ್ತು.

ಅತ್ತೆ ಬಗ್ಗಿ ಕುಡಿಕೆ ಎತ್ತಿಕೊಂಡು, ಸೆರಗಿನಿಂದ ಒಳಗೆ ಒರೆಸಿ, ನನ್ನ ಕೈಗೆ ಕೊಟ್ಟರು. ಸೌಟನ್ನೂ ಕೊಟ್ಟರು. ಎರಡೂವರೆ ವರ್ಷದಲ್ಲಿ ಆ ಕುಡಿಕೆಯನ್ನು ಅವರಾಗಿ ನನಗೆ ಕೊಟ್ಟದ್ದು ಇದೇ ಮೊದಲು.

"ನೀ ಹಾಕು ಕೊಳ್ಳೇಗಾಲ. ನಾ ನೋಡ್ತೀನಿ."

ಬಿಳಿಯ ತಪ್ಪಲೆಯಿಂದ ಒಂದು ಸೌಟು ಹಾಕಿ, ಮೇಲೆ ಹಾಲು ಹುಯ್ದೆ. ಬೆಕ್ಕು ಕುಡಿಯುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು.